ಮೆಟಲ್ ಶೋಗೆ ಶಿವಮೊಗ್ಗದಿಂದ: ಭಕ್ತರ ಗುಂಪಿನ ಜೊತೆ ಹೋಗಬಹುದಾ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನಮ್ಮ ಭಾವ ಕಾಲೇಜು ದಿನಗಳಿಂದ ಹೆವಿ ಮೆಟಲ್ ಕೇಳುವವರು. ಅವರದೊಂದು ಗುಂಪಿದೆ. ಒಬ್ಬರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಇನ್ನೊಬ್ಬರದು ಮೆಡಿಕಲ್ ಶಾಪ್. ಹಗಲಲ್ಲಿ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲರೂ ಸೇರಿದರೆ ಮಾತ್ರ ಯಾವ ವರ್ಷ ಯಾವ ಡ್ರಮ್ಮರ್ ಬಿಟ್ಟುಹೋದ ಅಂತ ರಾತ್ರಿಯಿಡೀ ಜಗಳ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಇವರ ಮೆಚ್ಚಿನ ಬ್ಯಾಂಡಿನ ಶೋ ಇದೆ. ಯಾವ ಬ್ಯಾಂಡ್ ಅಂತ ಹೇಳುವುದಿಲ್ಲ, ಹೇಳಿದರೆ ಇಲ್ಲಿ ಟಿಕೆಟ್ ಕೇಳುವವರ ಸಂತೆ ಶುರುವಾಗುತ್ತದೆ. ಗುಂಪಿನಲ್ಲಿ ಒಬ್ಬರಿಗೆ ಕೊನೆಯ ಕೊಯ್ಲಿಗೆ ಆಳು ಸಿಕ್ಕಿದ್ದು ಅದೇ ವಾರ. ಅವರ ಟಿಕೆಟ್ ನನ್ನ ಪಾಲಿಗೆ ಬಂತು.

ನನಗೆ ಗೊತ್ತಿರುವುದು ಹೆಚ್ಚೆಂದರೆ ನಾಲ್ಕು ಹಾಡು. ಅಡುಗೆ ಮಾಡುವಾಗ ಹಾಕಿಕೊಂಡು ಕೇಳುತ್ತೇನೆ, ಇಷ್ಟವೇ. ಆದರೆ ಇವರು ಈಗಾಗಲೇ ವಾಟ್ಸಾಪ್‌ನಲ್ಲಿ ಪಾಠ ಶುರು ಮಾಡಿದ್ದಾರೆ. ಹಿಂದಿನ ಊರಿನಲ್ಲಿ ಯಾವ ಹಾಡಾದ ಮೇಲೆ ಯಾವುದು ಬಾರಿಸಿದರು, ಎಲ್ಲಿ ಕೈ ಎತ್ತಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲ ಬರೆದು ಕಳಿಸುತ್ತಾರೆ. ಆಫೀಸಿನ ಗೆಳತಿಯೂ ಅದೇ ಶೋಗೆ ಹೋಗುತ್ತಿದ್ದಾಳೆ. "ಅವರ ಸಹವಾಸ ಬೇಡ, ನನ್ನ ಜೊತೆ ಬಾ, ಕುಣಿದು ಬರೋಣ" ಅನ್ನುತ್ತಾಳೆ.

ಹೋಗಿ ಬಂದವರು ಹೇಳಿ. ಇಂಥವರ ಜೊತೆ ಹೋದರೆ ಖುಷಿ ಜಾಸ್ತಿನಾ, ಕಡಿಮೆನಾ?

ದುರ್ಗಿಗುಡಿ ಬೇಸ್

ಎರಡು ಮಾತೇ ಇಲ್ಲ, ಭಕ್ತರ ಜೊತೆ ಹೋಗಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2007ರ ಮಾರ್ಚ್ 17, ಶನಿವಾರ. ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಮೊದಲ ಸಲ ಭಾರತಕ್ಕೆ ಬಂದ ದಿನ. ಜಾಗ ಬೆಂಗಳೂರಿನ ಅರಮನೆ ಮೈದಾನ. ಅದಕ್ಕೂ ಮುಂಚೆ ಡೀಪ್ ಪರ್ಪಲ್ 2001ರಲ್ಲಿ, ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ ಬೆಂಗಳೂರಿಗೆ ಬಂದು ಹೋಗಿದ್ದರು. ಆದರೆ ಅದೆಲ್ಲ ನಮ್ಮ ಅಣ್ಣಂದಿರ ಸಂಗೀತ. ಮೇಡನ್ ನಮ್ಮದು. ದುರ್ಗಿಗುಡಿಯ ಮಹಡಿ ಕೋಣೆಯೊಂದರಲ್ಲಿ ಬ್ಯಾಂಡ್ ಕಟ್ಟಿಕೊಂಡಿದ್ದ ಹುಡುಗರು ನಾವು. ರಾಕ್ ಸ್ಟ್ರೀಟ್ ಜರ್ನಲ್‌ನ ಒಂದು ಸಂಚಿಕೆ ಸಿಕ್ಕಿದರೆ ಕೈಯಿಂದ ಕೈಗೆ ಹೋಗಿ ಪಿನ್ನು ಕಿತ್ತುಬರುತ್ತಿತ್ತು. ಕ್ಯಾಸೆಟ್ಟಿನ ಕಾಪಿ, ಆ ಕಾಪಿಯ ಕಾಪಿ ಕೇಳಿ ಕೇಳಿ ಟೇಪಿನ ಸುಂಯ್ ಸದ್ದೂ ಹಾಡಿನ ಭಾಗ ಅಂದುಕೊಂಡಿದ್ದೆವು.

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಕತ್ತಲೆ. ಬಸ್ ಸ್ಟ್ಯಾಂಡಿನ ತುಂಬ ಕಪ್ಪು ಟೀಶರ್ಟು. ಯಾರ ಪರಿಚಯವೂ ಇಲ್ಲ, ಆದರೂ ಎಲ್ಲರೂ ನಗುತ್ತಿದ್ದರು. ಮಧ್ಯಾಹ್ನದಿಂದ ಬಿಸಿಲಲ್ಲಿ ಸಾಲು. ನನ್ನ ಮುಂದೆ ನಿಂತವನು ಶಿಲ್ಲಾಂಗ್‌ನಿಂದ ರೈಲಿನಲ್ಲಿ ಬಂದಿದ್ದ. ನಮಗೆ ಹಿಂದಿ ಅಷ್ಟಕ್ಕಷ್ಟೆ, ಅವನಿಗೂ ಅಷ್ಟಕ್ಕಷ್ಟೆ. ಹಾಡಿನ ಹೆಸರು ಹೇಳಿಕೊಂಡೇ ಸಂಜೆ ಮಾಡಿದೆವು.

ಮೊದಲು ಬಾರಿಸಿದವರಲ್ಲಿ ದೆಹಲಿಯ ಪರಿಕ್ರಮ ಬ್ಯಾಂಡ್ ಇತ್ತು. ಮೇಡನ್‌ನ ಬೇಸಿಸ್ಟ್ ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಹ್ಯಾರಿಸ್ ಕೂಡ ಹಾಡಿದಳು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಸ್ಪೀಕರಿನಲ್ಲಿ ಯಾವುದೋ ಹಳೇ ಹಾಡು ಬರುತ್ತಿತ್ತು. ಇನ್ನೂ ಟೈಮಿದೆ ಅಂತ ನಾನು ನೀರು ತರಲು ಹೊರಟೆ. ಶಿಲ್ಲಾಂಗಿನವನು ನನ್ನ ಟೀಶರ್ಟಿನ ಕಾಲರ್ ಹಿಡಿದು ನಿಲ್ಲಿಸಿದ. ಸ್ಪೀಕರ್ ಕಡೆ ಬೆರಳು ತೋರಿಸಿದ. ಅದು ಯುಎಫ್ಓ ಬ್ಯಾಂಡಿನ 'ಡಾಕ್ಟರ್ ಡಾಕ್ಟರ್'. ಮೇಡನ್ ವೇದಿಕೆ ಹತ್ತುವ ಮುಂಚೆ ಅದನ್ನೇ ಹಾಕುವುದು ಅವರ ಪದ್ಧತಿ. ಅದು ಮುಗಿಯಿತು ಅಂದರೆ ಶುರು. ಇಂಥದ್ದನ್ನು ಟಿಕೆಟ್ ಮೇಲೆ ಬರೆದಿರುವುದಿಲ್ಲ. ಪಕ್ಕದಲ್ಲಿ ಭಕ್ತ ಇದ್ದರೆ ಮಾತ್ರ ಗೊತ್ತಾಗುತ್ತದೆ.

'ಫಿಯರ್ ಆಫ್ ದ ಡಾರ್ಕ್' ಬಂದಾಗ ಇಡೀ ಮೈದಾನ ಹಾಡಿದ್ದು ಪದಗಳನ್ನಲ್ಲ, ಗಿಟಾರಿನ ರಾಗವನ್ನು. ಬಾಯಿ ತೆರೆದು ಓ ಓ ಅಂತ. ಅಲ್ಲಿ ಇಂಗ್ಲಿಷ್ ಬರುವವನು, ಬಾರದವನು ಅನ್ನುವ ಭೇದವೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಮಾಂಟಿ ಪೈಥಾನ್ ತಂಡದ ತಮಾಷೆ ಹಾಡೊಂದು ಹಾಕುತ್ತಾರೆ. ಅದು ಬಂದರೆ ಇನ್ನು ಎನ್‌ಕೋರ್ ಇಲ್ಲ, ಅಂದರೆ ಮತ್ತೆ ವೇದಿಕೆಗೆ ಬಂದು ಬಾರಿಸುವುದಿಲ್ಲ, ಮನೆಗೆ ಹೋಗಿ ಅಂತ ಲೆಕ್ಕ. ಹೊಸಬರು ಅದಕ್ಕೂ ಮುಂಚೆ ಗೇಟಿನ ಕಡೆ ಓಡುತ್ತಾರೆ.

ಅದಕ್ಕೇ ಹೇಳಿದ್ದು, ನಿಮ್ಮ ಭಾವನ ಗುಂಪು ಕಳಿಸಿದ್ದನ್ನು ಓದಿಕೊಂಡು ಹೋಗಿ ಮಾರಾಯ್ರೆ.

ಭದ್ರಾವತಿ ಕುಲುಮೆ

ದುರ್ಗಿಗುಡಿಯವರ ಕಥೆ ಚೆನ್ನಾಗಿದೆ. ಆದರೆ ಆ ಶಿಲ್ಲಾಂಗಿನವನು ಒಳ್ಳೆ ಭಕ್ತ ಆಗಿದ್ದ, ಅಷ್ಟೆ. ಎಲ್ಲರೂ ಹಾಗಿರುವುದಿಲ್ಲ.

ಭಕ್ತರಲ್ಲಿ ಇನ್ನೊಂದು ಜಾತಿ ಇದೆ. ಇವರು ಶೋ ನೋಡಲು ಬರುವುದಿಲ್ಲ, ಪರೀಕ್ಷೆ ತಗೊಳ್ಳಲು ಬರುತ್ತಾರೆ. "ಈ ಟೀಶರ್ಟ್ ಹಾಕಿದ್ದೀರಲ್ಲ, ಇವರದು ಮೂರು ಆಲ್ಬಂ ಹೆಸರು ಹೇಳಿ" ಅನ್ನುವ ಗಿರಾಕಿಗಳು. ಹಾಡು ನಡೆಯುವಾಗ ಕಿವಿಗೆ ಬಾಯಿ ಇಟ್ಟು "ಇದು ಒರಿಜಿನಲ್‌ನಲ್ಲಿ ಇಷ್ಟು ಫಾಸ್ಟ್ ಇರಲಿಲ್ಲ" ಅಂತ ವರದಿ ಒಪ್ಪಿಸುತ್ತಾರೆ. ನಿಮ್ಮ ಭಾವ ಯಾವ ಜಾತಿ ಅಂತ ಮೊದಲು ಪತ್ತೆ ಮಾಡಿ. ಕಾರಿನಲ್ಲಿ ನಿಮಗೆ ಇಷ್ಟವಾದ ಹಾಡು ಹಾಕಿ. ಅದು ಯಾಕೆ ಅವರ ಅತಿ ಕೆಟ್ಟ ಹಾಡು ಅಂತ ಭಾಷಣ ಬಿಗಿದರೆ ಗೆಳತಿಯ ಜೊತೆ ಹೋಗಿ. ಸೌಂಡ್ ಜಾಸ್ತಿ ಮಾಡಿದರೆ ಭಾವನ ಜೊತೆ ಹೋಗಿ.

ಇನ್ನೊಂದು. ಮೆಟಲ್ ಅಂದರೆ ದೊಡ್ಡ ಊರಿನವರ ಸಂಗೀತ ಅಂತ ನಮ್ಮ ಕಡೆ ಬಹಳ ಜನಕ್ಕೆ ಭ್ರಮೆ. ಅದು ಹುಟ್ಟಿದ್ದೇ ಕಾರ್ಖಾನೆ ಊರಿನಲ್ಲಿ. ಮೆಟಲ್ ಶುರು ಮಾಡಿದ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹುಡುಗರು. ಗಿಟಾರಿಸ್ಟ್ ಟೋನಿ ಅಯೋಮಿ ತಗಡು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಹದಿನೇಳನೇ ವಯಸ್ಸಿನಲ್ಲಿ ಮೆಷಿನ್‌ಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಆಮೇಲೆ ನೋವು ಕಡಿಮೆಯಾಗಲಿ ಅಂತ ತಂತಿಯನ್ನೂ ಸಡಿಲ ಮಾಡಿದ. ಆ ದಪ್ಪ ಸದ್ದು ಗಟ್ಟಿಯಾದದ್ದು ಹಾಗೆ. 1923ರಿಂದ ಕಬ್ಬಿಣ ಕಾಯಿಸಿದ ಊರಿನವನು ನಾನು, ನನಗೆ ಇದು ಪಕ್ಕದ ಬೀದಿ ಕಥೆ ಅನ್ನಿಸುತ್ತದೆ. ಸಬ್ಬತ್‌ನವರ ಕೊನೇ ಶೋ ಕೂಡ ಅದೇ ಊರಿನಲ್ಲಿ ಆಯಿತು, 2025ರ ಜುಲೈ 5ರಂದು. ಅವರ ಹಾಡುಗಾರ ಆಜಿ ಆಸ್ಬರ್ನ್ ಸಿಂಹಾಸನದ ಮೇಲೆ ಕೂತು ಹಾಡಿದ. ಮೂರು ವಾರ ಕಳೆಯುವುದರೊಳಗೆ ತೀರಿಕೊಂಡ.

ತೀರ್ಥಹಳ್ಳಿ ಥ್ರಾಶ್

ಕೆಲವರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ನಾಲ್ಕು ಹಾಡು ಗೊತ್ತಿರುವವರು ವೇದಿಕೆ ಎದುರಿನ ಫ್ಯಾನ್ ಪಿಟ್ ಟಿಕೆಟ್ ತಗೊಳ್ಳಬಾರದು. ಟಿಕೆಟ್ ಬಿಟ್ಟ ದಿನ ಆ್ಯಪ್‌ನಲ್ಲಿ ಕ್ಯೂ ನಿಂತು ನಿಂತು, ನನ್ನ ಸರದಿ ಬರುವಷ್ಟರಲ್ಲಿ ಎಲ್ಲ ಖಾಲಿ. ಹತ್ತು ವರ್ಷದಿಂದ ಕಾಯುತ್ತಿದ್ದವರು ಹಿಂದೆ. ರೀಲ್ಸ್ ಮಾಡುವವರು ಮುಂದೆ. ಇದು ನ್ಯಾಯನಾ?

ಸಾಗರದ ಗೀತಕ್ಕ

ತೀರ್ಥಹಳ್ಳಿ ತಮ್ಮಾ, ನೀನು ಮೊದಲ ಶೋಗೆ ಹೋದಾಗ ನಿನಗೆ ಎಷ್ಟು ಹಾಡು ಗೊತ್ತಿತ್ತು? ಎಲ್ಲರೂ ಒಂದು ಹಾಡಿನಿಂದಲೇ ಶುರು ಮಾಡುವುದು. ರೀಲ್ಸ್ ವಿಷಯ ಮಾತ್ರ ಒಪ್ಪಿದೆ. ಮುಂದಿನವನ ಫೋನಿನ ಪರದೆಯಲ್ಲಿ ಶೋ ನೋಡುವುದಾದರೆ ಮನೆಯಲ್ಲೇ ಕೂರಬಹುದಲ್ಲ.

ತುಂಗೆಯವರೇ, ನಾನು ಸಂಗೀತದ ವಿಷಯಕ್ಕೆ ಬರುವುದಿಲ್ಲ, ಹೆಂಗಸರಿಗೆ ಬೇಕಾದ್ದು ಹೇಳುತ್ತೇನೆ. 2011ರಲ್ಲಿ ಮೆಟಾಲಿಕಾ ಬ್ಯಾಂಡ್ ಬಂದಾಗ ಮಗನಿಗೆ ಹದಿನಾರು. ಒಬ್ಬನನ್ನೇ ಕಳಿಸಲು ಧೈರ್ಯ ಇರಲಿಲ್ಲ. ಅಕ್ಟೋಬರ್ 28ಕ್ಕೆ ದೆಹಲಿ ಹತ್ತಿರ ಗುರುಗ್ರಾಮದಲ್ಲಿ ಆಗಬೇಕಿದ್ದ ಶೋ ಬ್ಯಾರಿಕೇಡ್ ಮುರಿದು ಗಲಾಟೆಯಾಗಿ ನಿಂತುಹೋಯಿತು ಅಂತ ಟಿವಿಯಲ್ಲಿ ಬಂತು. ಮನೆಯವರು ಬೇಡವೇ ಬೇಡ ಅಂದರು. 30ನೇ ತಾರೀಖು ಬೆಂಗಳೂರಿನಲ್ಲಿ ಶೋ. ಮಗನ ಮುಖ ನೋಡಲು ಆಗಲಿಲ್ಲ. ನಾನೇ ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಜೊತೆಗೆ ಹೊರಟೆ.

ಅಲ್ಲಿ ಯಾವ ಗಲಾಟೆಯೂ ಆಗಲಿಲ್ಲ. ಕೂದಲು ಬಿಟ್ಟ, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಹುಡುಗರನ್ನು ನೋಡಿ ಹೆದರಿದ್ದೆ. ಅವರೇ "ಆಂಟಿ ಇಲ್ಲಿ ನಿಲ್ಲಿ, ಇಲ್ಲಿ ತಳ್ಳಾಟ ಇಲ್ಲ" ಅಂತ ಜಾಗ ಮಾಡಿಕೊಟ್ಟರು. ನಡುವೆ ದುಂಡಗೆ ಜಾಗ ಬಿಟ್ಟು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರಲ್ಲ, ಮಾಶ್ ಪಿಟ್ ಅಂತೆ, ಅದನ್ನು ನೋಡಿ ಹೊಡೆದಾಟ ಅಂದುಕೊಂಡೆ. ಒಬ್ಬ ಬಿದ್ದ. ತಕ್ಷಣ ನಾಲ್ಕೈದು ಜನ ಸುತ್ತ ನಿಂತು ಎತ್ತಿದರು. ಒಬ್ಬ ಅವನ ಕನ್ನಡಕ ಹುಡುಕಿ ಮೇಲಕ್ಕೆ ಹಿಡಿದುಕೊಂಡು ನಿಂತಿದ್ದ. ಮತ್ತೆ ಶುರು. ನಿಮಗೆ ಬೇಡವಾದರೆ ಆ ಸುತ್ತಿನ ಅಂಚಿನಲ್ಲಿ ನಿಲ್ಲಬೇಡಿ, ಅಷ್ಟೆ.

ಶೌಚಾಲಯದ್ದೇ ಕಷ್ಟ. ಮುಖ್ಯ ಬ್ಯಾಂಡ್ ಬರುವ ಮುಂಚೆ, ಮೊದಲಿನವರು ಬಾರಿಸುತ್ತಿರುವಾಗಲೇ ಹೋಗಿ ಬನ್ನಿ. ಇಬ್ಬರು ಜೊತೆಯಾಗಿ ಹೋಗಿ. ಗುಂಪು ತಪ್ಪಿದರೆ ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ, ಅಷ್ಟು ಜನದಲ್ಲಿ ಫೋನ್ ಸಿಗ್ನಲ್ ನಂಬಬೇಡಿ. ಚಪ್ಪಲಿ ಬೇಡ, ಶೂ ಹಾಕಿ. ತಿಂಡಿ ಕಟ್ಟಿಕೊಂಡು ಹೋದರೆ ಗೇಟಿನಲ್ಲಿ ತೆಗೆದಿಡುತ್ತಾರೆ. ನನ್ನ ಚಕ್ಕುಲಿ ಡಬ್ಬಿ ಅಲ್ಲೇ ಹೋಯಿತು.

ಶಿಕಾರಿಪುರ ಸೌಂಡ್ಸ್

ಶಾಮಿಯಾನ, ಮೈಕ್ ಸೆಟ್ ನಮ್ಮ ಕಸುಬು. ಜಾತ್ರೆ, ಮದುವೆ, ಗಣಪತಿ ಎಲ್ಲ ಮಾಡುತ್ತೇವೆ. ಒಂದೆರಡು ಸಲ ಬೆಂಗಳೂರಿನ ದೊಡ್ಡ ಶೋಗಳಲ್ಲಿ ಕೇಬಲ್ ಎಳೆಯುವ ಕೆಲಸಕ್ಕೆ ಹೋಗಿದ್ದೆ. ಎಲ್ಲರೂ ಮುಂದೆ ಮುಂದೆ ಅಂತ ಸಾಯುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ.

ಬ್ಯಾರಿಕೇಡಿಗೆ ಅಂಟಿಕೊಂಡು ನಿಂತರೆ ಮುಖ ಕಾಣುತ್ತದೆ, ಹಾಡು ಕೇಳಿಸುವುದಿಲ್ಲ. ದೊಡ್ಡ ಬಾಕ್ಸ್‌ಗಳು ಎರಡು ಕಡೆ ಮೇಲೆ ನೇತಾಡುತ್ತಿರುತ್ತವೆ, ಅವು ನಿಮ್ಮ ತಲೆ ದಾಟಿ ಹಿಂದಕ್ಕೆ ಹೊಡೆಯುತ್ತವೆ. ಬೇಸ್ ಬಾಕ್ಸ್ ಮಾತ್ರ ನೆಲದ ಮೇಲೆ, ನಿಮ್ಮ ಎದೆ ಮಟ್ಟಕ್ಕೆ. ಹಾಗಾಗಿ ಮುಂದಿನವರಿಗೆ ಡ್ರಮ್ಮು, ಬೇಸು ಜಾಸ್ತಿ, ಹಾಡುಗಾರನ ಮಾತು ಕಡಿಮೆ. ಮೈದಾನದ ಮಧ್ಯೆ ಸೌಂಡ್ ಮಿಕ್ಸರ್ ಇಟ್ಟ ಗೂಡು ಇರುತ್ತದೆ. ಅಲ್ಲಿ ಕೂತವನು ತನ್ನ ಕಿವಿಗೆ ಸರಿ ಕಾಣುವಂತೆ ಎಲ್ಲ ಹೊಂದಿಸುತ್ತಾನೆ. ಅವನ ಮುಂದೆ ಹತ್ತು ಹೆಜ್ಜೆಯಲ್ಲಿ ನಿಂತರೆ ಅವನು ಕೇಳಿದ್ದೇ ನಿಮಗೂ.

ಇನ್ನೂ ಹಿಂದೆ ನಿಂತರೆ ಒಂದು ತಮಾಷೆ ನೋಡಬಹುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದಿರುವವನಿಗೆ ಡ್ರಮ್ಮಿನ ಏಟು ಕಾಲು ಸೆಕೆಂಡಿಗಿಂತ ತಡವಾಗಿ ಮುಟ್ಟುತ್ತದೆ. ಮುಂದಿನವರು ಚಪ್ಪಾಳೆ ತಟ್ಟಿ ಆದ ಮೇಲೆ ಹಿಂದಿನವರ ಕೈ ಮೇಲೇಳುತ್ತದೆ, ಅಲೆ ಅಲೆಯಾಗಿ. ಹಿಂದೆ ಇಟ್ಟ ಬಾಕ್ಸ್‌ಗಳಿಗೆ ಬೇಕಂತಲೇ ತಡ ಮಾಡಿ ಶಬ್ದ ಕಳಿಸುತ್ತಾರೆ, ಇಲ್ಲದಿದ್ದರೆ ಎರಡೆರಡು ಸಲ ಕೇಳಿಸುತ್ತದೆ.

ಕಿವಿಗೆ ಪ್ಲಗ್ ಹಾಕಿ. ಇಂಥ ಜಾಗಗಳಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನನ್ನ ಒಂದು ಕಿವಿಯಲ್ಲಿ ರಾತ್ರಿ ಮಲಗಿದಾಗ ಕುಂಯ್ ಅನ್ನುವುದು ನಿಂತಿಲ್ಲ. ಕಸುಬಿನ ಕಾಣಿಕೆ.

ಅಡಿಕೆ ಸುಲಿಯೋನು

ನಮ್ಮದು ಹೊಸನಗರದ ಕಡೆ. ಈ ಭಕ್ತರ ಕಥೆಯೆಲ್ಲ ಓದುವಾಗ ನನಗೆ ನಮ್ಮ ಅಪ್ಪಯ್ಯನದೇ ನೆನಪು. ಅವರಿಗೆ ಯಕ್ಷಗಾನ ಆಟದ ಹುಚ್ಚು. ಕಾಳಿಂಗ ನಾವಡರ ಭಾಗವತಿಕೆ ಅಂದರೆ ಸೂಡಿ ಹಿಡಿದು ಗುಡ್ಡ ಹತ್ತಿ ಇಳಿದು ಹೋಗುತ್ತಿದ್ದರಂತೆ. ಈ ಊರಲ್ಲಿ ನೋಡಿದ್ದೇ ಪ್ರಸಂಗ ಮಾರನೇ ದಿನ ಇನ್ನೊಂದು ಊರಲ್ಲಿ ನೋಡುವುದು. ಯಾಕೆ ಅಂದರೆ ನಿನ್ನೆ ಆ ಪದ್ಯವನ್ನು ಬೇರೆ ಥರ ಎತ್ತಿದ್ದರು, ಇವತ್ತು ಹೇಗೋ ನೋಡಬೇಕು ಅಂತ. 1990ರಲ್ಲಿ ನಾವಡರು ಅಪಘಾತದಲ್ಲಿ ಹೋದಾಗ ಅಪ್ಪಯ್ಯ ಎರಡು ದಿನ ತೋಟಕ್ಕೆ ಇಳಿಯಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾಳೆ. ಹಿಂದಿನ ಊರಿನ ಹಾಡಿನ ಪಟ್ಟಿ ಇಟ್ಟುಕೊಂಡು ಕೂರುವ ನಿಮ್ಮ ಭಾವನ ಗುಂಪಿಗೂ ಇವರಿಗೂ ಎಂತ ವ್ಯತ್ಯಾಸ ಹೇಳಿ? ಚಂಡೆಯ ಬದಲು ಡ್ರಮ್ಮು.

ನಾನು 2009ರ ಫೆಬ್ರವರಿಯಲ್ಲಿ ಮೇಡನ್ ಎರಡನೇ ಸಲ ಬೆಂಗಳೂರಿಗೆ ಬಂದಾಗ ಹೋಗಿದ್ದೆ. ಆಗೆಲ್ಲ ಅವರು ತಮ್ಮದೇ ಬೋಯಿಂಗ್ 757 ವಿಮಾನದಲ್ಲಿ ಊರೂರು ತಿರುಗುತ್ತಿದ್ದರು, ಓಡಿಸುತ್ತಿದ್ದವನು ಹಾಡುಗಾರ ಬ್ರೂಸ್ ಡಿಕಿನ್ಸನ್ನೇ. ಅದನ್ನು ಹೇಳಿದಾಗ ಮಾತ್ರ ಅಪ್ಪಯ್ಯ ತಲೆ ಎತ್ತಿ ನೋಡಿದರು. "ಭಾಗವತನೇ ವ್ಯಾನ್ ಬಿಡ್ತಾನಾ?"

ಅಲ್ಲಿಂದ ಎಡ್ಡಿ, ಅಂದರೆ ಮೇಡನ್‌ನ ಗುರುತಾದ ಭೂತದ ಚಿತ್ರದ ಟೀಶರ್ಟ್ ತಂದಿದ್ದೆ. ಆ ಮಳೆಗಾಲದಲ್ಲಿ ಅಜ್ಜಿ ಅದನ್ನು ಬಚ್ಚಲು ಒಲೆಯ ಮೇಲಿನ ತಂತಿಗೆ ಒಣಹಾಕಿದ್ದರು. ಸಂಜೆ ನೀರು ಕಾಯಿಸಲು ಹೋದ ಚಿಕ್ಕಮ್ಮ ಬೆಂಕಿ ಬೆಳಕಿನಲ್ಲಿ ಅದನ್ನು ನೋಡಿ ಕಿರುಚಿದರು. ಅಜ್ಜಿ ಬಂದು ಟೀಶರ್ಟನ್ನು ಕೈಯಲ್ಲಿ ಬಿಡಿಸಿ ಹಿಡಿದು, ಹಲ್ಲು, ಕಣ್ಣು ಎಲ್ಲ ಹತ್ತಿರದಿಂದ ನೋಡಿದರು. "ಬಣ್ಣದ ವೇಷ. ಕಿರೀಟ ಒಂದು ಇಲ್ಲ" ಅಂದು ಮತ್ತೆ ತಂತಿಗೇ ಹಾಕಿದರು. ಆ ಟೀಶರ್ಟಿಗೆ ಈಗಲೂ ಹೊಗೆ ವಾಸನೆ ಇದೆ.

ತೀರ್ಥಹಳ್ಳಿ ಥ್ರಾಶ್

ಸುಲಿಯೋನು ಅಣ್ಣ, ಅಜ್ಜಿಗೆ ನನ್ನ ನಮಸ್ಕಾರ.

ಗೀತಕ್ಕ, ನನ್ನ ಮಾತು ಒರಟಾಯಿತು. ಟಿಕೆಟ್ ಸಿಗದ ಸಿಟ್ಟು. ತುಂಗೆಯವರು ಹೋಗಲಿ. ಆದರೆ ನಿಧಾನವಾದ ಹಾಡು ಬಂದಾಗ ಬೆನ್ನು ತಿರುಗಿಸಿ ಹರಟೆ ಹೊಡೆಯಬೇಡಿ, ಅಷ್ಟೇ ಕೇಳುವುದು.

ಮಲೆನಾಡ ಮೆಲೊಡಿ

ಎಲ್ಲರೂ ಬೆಂಗಳೂರು ಬೆಂಗಳೂರು ಅಂತಿದ್ದೀರಿ. ಶಿವಮೊಗ್ಗದಲ್ಲೇ ಇಂಥ ಶೋ ಯಾಕೆ ಆಗುವುದಿಲ್ಲ? ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವೂ ಇದೆ. ಹಾಡು ಕೇಳುವ ಊರು ಇದು. ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರು ನಮ್ಮ ಶಿವಮೊಗ್ಗ ಸುಬ್ಬಣ್ಣ, 'ಕಾಡು ಕುದುರೆ' ಹಾಡಿಗೆ. ಕುದುರೆ ಓಟದ ಆ ಗತ್ತು ಕೇಳಿದವರಿಗೆ ಮೇಡನ್‌ನ ಗ್ಯಾಲಪ್ ತಾಳ ಹೊಸದೇನಲ್ಲ.

ಇಂಗ್ಲಿಷೇ ಬೇಕು ಅಂತಲೂ ಇಲ್ಲ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಹಾಡಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿವರೆಗೂ ಹೋಗಿ ಬಂದರು. ಲುಂಗಿ ಉಟ್ಟುಕೊಂಡೇ ಹಾಡುವ ಮನುಷ್ಯ.

ಶಿಕಾರಿಪುರ ಸೌಂಡ್ಸ್

ಆಸೆ ನನಗೂ ಇದೆ ಸಾರ್, ನನ್ನ ಹೊಟ್ಟೆಪಾಡು ಅದೇ. ಆದರೆ ಲೆಕ್ಕ ಬೇರೆ. ದೊಡ್ಡ ಬ್ಯಾಂಡ್ ಅಂದರೆ ಸಾಮಾನು ಟ್ರಕ್‌ಗಟ್ಟಲೆ ಬರುತ್ತದೆ. ವೇದಿಕೆ ಕಟ್ಟಲು ದಿನಗಟ್ಟಲೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಯಲಲ್ಲಿ ಒಂದು ಲೈಟ್ ಕಂಬ ನಿಲ್ಲಿಸುವುದೂ ಕಷ್ಟ. ಉಳಿದದ್ದು ನವೆಂಬರ್‌ನಿಂದ ಮಾರ್ಚ್. ಆಗ ಎಲ್ಲರೂ ಕೊಯ್ಲು, ಸುಲಿತದಲ್ಲಿ ಮುಳುಗಿರುತ್ತಾರೆ. ರಾತ್ರಿ ಹತ್ತಕ್ಕೆ ಬಯಲಿನ ಮೈಕ್ ಬಂದ್ ಆಗಬೇಕು, 2000ದ ಶಬ್ದಮಾಲಿನ್ಯ ನಿಯಮ. ಅದು ಬೆಂಗಳೂರಿಗೂ ಇದೆ, ಬಿಡಿ. ಸಣ್ಣ ಬ್ಯಾಂಡ್‌ಗಳಾದರೆ ಇಲ್ಲೇ ಮಾಡಬಹುದು. ಬರುವವರು ಟಿಕೆಟ್ ದುಡ್ಡು ಕೊಡುತ್ತಾರಾ, ಪಾಸ್ ಕೇಳುತ್ತಾರಾ? ಅದೇ ಪ್ರಶ್ನೆ.

ಭದ್ರಾವತಿ ಕುಲುಮೆ

ಪಾಸ್ ಕೇಳುತ್ತಾರೆ.

ತಾಳಗುಪ್ಪ ಪ್ಯಾಸೆಂಜರ್

ಹತ್ತಕ್ಕೆ ಮುಗಿಯುತ್ತದೆ ಅನ್ನುವುದೇ ನಮ್ಮಂಥವರ ಪುಣ್ಯ. ಮೈಸೂರು–ತಾಳಗುಪ್ಪ ರಾತ್ರಿ ರೈಲು ಬೆಂಗಳೂರಿನಿಂದ ಹನ್ನೊಂದರ ಸುಮಾರಿಗೆ ಹೊರಡುತ್ತದೆ. ಶೋ ಊರೊಳಗೆ ಇದ್ದರೆ ಓಡಿ ಹಿಡಿಯಬಹುದು. ದೇವನಹಳ್ಳಿ ಕಡೆ ಇದ್ದರೆ ಆಸೆ ಬಿಡಿ, ಪಾರ್ಕಿಂಗ್‌ನಿಂದ ಹೊರಬರುವುದೇ ದೊಡ್ಡ ಯಾತ್ರೆ. ತುಮಕೂರು ರಸ್ತೆಯ ಮಾದಾವರದ ಕಡೆ ಇದ್ದರೆ ನಮಗೆ ಲಾಭ. ಅಲ್ಲಿಗೆ ಈಗ ಮೆಟ್ರೋ ಇದೆ, ಸ್ವಂತ ಗಾಡಿಯವರಿಗೆ ಊರೊಳಗೆ ಹೋಗುವ ಕೆಲಸವೇ ಇಲ್ಲ. ಡ್ರೈವರ್ ಒಬ್ಬನನ್ನು ಕರೆದುಕೊಂಡು ಹೋಗಿ. ಇಡೀ ದಿನ ನಿಂತು, ಕುಣಿದು, ಆಮೇಲೆ ತರೀಕೆರೆವರೆಗೆ ನಿದ್ದೆಗಣ್ಣಲ್ಲಿ ಗಾಡಿ ಓಡಿಸುವ ಶೂರತನ ಬೇಡ.

ತುಂಗೆಯ ದಡ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆ! ತಡವಾಗಿ ಬರೆಯುತ್ತಿದ್ದೇನೆ, ಗಂಟಲು ಸರಿಹೋಗಲು ಟೈಮ್ ಹಿಡಿಯಿತು.

ಭದ್ರಾವತಿಯವರು ಹೇಳಿದ ಪರೀಕ್ಷೆ ಕಾರಿನಲ್ಲೇ ಮಾಡಿದೆ. ನನ್ನ ಹಾಡು ಹಾಕಿದೆ. ಮೇಷ್ಟ್ರು ಭಾಷಣ ಶುರು ಮಾಡಿದರು. ಭಾವ ಸೌಂಡ್ ಜಾಸ್ತಿ ಮಾಡಿದರು. ಮಂಡಿ ಲೆಕ್ಕದ ಅಣ್ಣ ಏನೂ ಹೇಳದೆ ಕಿಟಕಿ ಕಡೆ ನೋಡುತ್ತಾ ಬೆರಳಲ್ಲಿ ತೊಡೆ ಮೇಲೆ ತಾಳ ಹಾಕುತ್ತಿದ್ದರು. ಇವರ ಪಕ್ಕ ನಿಲ್ಲುವುದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಗೇಟಿನಲ್ಲಿ ಮೇಷ್ಟ್ರ ಬೆಲ್ಟ್ ತೆಗೆಸಿದರು, ಮೊಳೆ ಇತ್ತು ಅಂತ. ಇಡೀ ಶೋ ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡೇ ಕುಣಿದರು ಪಾಪ. ಒಳಗೆ ಹೋದ ಮೇಲೆ ಭಾವ, ಮೇಷ್ಟ್ರು, ಮೆಡಿಕಲ್ ಅಣ್ಣ ಮುಂದೆ ನುಗ್ಗಿದರು. ಗೆಳತಿಯೂ ಅಲ್ಲೇ ಎಲ್ಲೋ ಇದ್ದಳು. ನಾನು ಮತ್ತು ಮಂಡಿ ಅಣ್ಣ ಶಿಕಾರಿಪುರದವರು ಹೇಳಿದಂತೆ ಮಿಕ್ಸರ್ ಗೂಡಿನ ಮುಂದೆ ನಿಂತೆವು. ಪ್ಲಗ್ ಹಾಕಿಕೊಂಡರೆ ಏನೂ ಕೇಳಿಸುವುದಿಲ್ಲವೇನೋ ಅಂದುಕೊಂಡಿದ್ದೆ. ಉಲ್ಟಾ, ಮಾತು ಸ್ಪಷ್ಟವಾಗಿ ಕೇಳಿಸಿತು. ಚಪ್ಪಾಳೆ ಅಲೆಯಾಗಿ ಹಿಂದೆ ಬರುವುದೂ ಕಾಣಿಸಿತು, ಹಿಂದೆ ತಿರುಗಿ ನೋಡಿದ್ದು ಬಹುಶಃ ನಾನೊಬ್ಬಳೇ.

ಮಂಡಿ ಅಣ್ಣ ಎರಡು ಗಂಟೆಯಲ್ಲಿ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಒಂದು ಹಾಡಿನ ನಡುವೆ ಮಾತ್ರ, ಎಲ್ಲರೂ ಹಾಡುಗಾರನನ್ನು ನೋಡುತ್ತಿದ್ದಾಗ, ನನ್ನ ಮೊಣಕೈ ತಟ್ಟಿ ಡ್ರಮ್ಮರ್ ಕಡೆ ಕೈ ತೋರಿಸಿದರು. ಡ್ರಮ್ಮರ್ ಎಡಗೈಯಿಂದ ಸಿಂಬಲ್ ಅಂಚು ಹಿಡಿದು ಅದರ ಸದ್ದು ಅಡಗಿಸಿದ. ಒಂದು ಕ್ಷಣ ಇಡೀ ಮೈದಾನದಲ್ಲಿ ಸದ್ದಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಬಿತ್ತು. ಅದೇ ಹಾಡನ್ನು ಅಡುಗೆಮನೆಯಲ್ಲಿ ಎಷ್ಟು ಸಲ ಕೇಳಿದ್ದೆನೋ. ಅಲ್ಲೊಂದು ನಿಲುಗಡೆ ಇದೆ ಅಂತ ಗೊತ್ತೇ ಇರಲಿಲ್ಲ. ನಾನು ತಿರುಗಿ ನೋಡಿದರೆ ಅಣ್ಣ ಕನ್ನಡಕ ತೆಗೆದು ಟೀಶರ್ಟಿನ ತುದಿಯಲ್ಲಿ ಒರೆಸುತ್ತಿದ್ದರು. ನಾನು ನೋಡಲಿಲ್ಲ ಅನ್ನುವ ಹಾಗೆ ಮುಂದೆ ತಿರುಗಿದೆ.

ಅದಕ್ಕೇ ಈ ಪ್ರಶ್ನೆ ಇನ್ನು ಯಾರಾದರೂ ಕೇಳಿದರೆ ನನ್ನ ಉತ್ತರ ಇದು. ಭಕ್ತರ ಜೊತೆ ಹೋಗಿ, ಆದರೆ ಅವರಲ್ಲಿ ಮಾತು ಕಡಿಮೆ ಆಡುವವರ ಪಕ್ಕ ನಿಲ್ಲಿ.

ಗೆಳತಿಗೂ ಖುಷಿಯಾಯಿತು. ಅವಳ ಫೋನಿನಲ್ಲಿ ಎಲ್ಲ ಇದೆ, ಮುಂದಿನವರ ತಲೆ ಸಮೇತ.

ದುರ್ಗಿಗುಡಿ ಬೇಸ್

ಆ ಮಂಡಿ ಅಣ್ಣ ಡ್ರಮ್ಸ್ ಬಾರಿಸುತ್ತಾರಾ? ಕೇಳಿ ಹೇಳಿ. ನಮ್ಮ ಬ್ಯಾಂಡಿನ ಡ್ರಮ್ಮರ್ ದುಬೈಗೆ ಹೋದ ಮೇಲೆ ಆ ಜಾಗ ಖಾಲಿಯೇ ಇದೆ. ಸೆಟ್ಟು ಮಹಡಿಯಲ್ಲಿ ಹಾಗೇ ಇದೆ, ಮೇಲೆ ಅಮ್ಮ ಹಪ್ಪಳ ಒಣಗಿಸುತ್ತಾರೆ.

ತುಂಗೆಯ ದಡ

ಕೇಳಿದೆ. "ಕಾಲೇಜಿನಲ್ಲಿ ಬಾರಿಸುತ್ತಿದ್ದೆ, ಈಗ ಎಲ್ಲಿ" ಅಂದರು. ಆಮೇಲೆ ಒಂದು ಗಂಟೆ ಬಿಟ್ಟು ಮೆಸೇಜ್ ಮಾಡಿ, ಸೆಟ್ಟು ಯಾವ ಕಂಪನಿದು, ಪೆಡಲ್ ಒಂದಾ ಎರಡಾ ಅಂತ ಕೇಳಿದ್ದಾರೆ.

ದುರ್ಗಿಗುಡಿ ಬೇಸ್

ಎರಡು. ಒಂದರ ಸ್ಪ್ರಿಂಗ್ ಹೋಗಿದೆ. ಭಾನುವಾರ ಮಂಡಿ ರಜೆ ಅಲ್ವಾ, ಹತ್ತು ಗಂಟೆಗೆ ಬರಲಿ. ಹಪ್ಪಳ ತೆಗೆದಿಟ್ಟಿರುತ್ತೇನೆ.

ಶಿಕಾರಿಪುರ ಸೌಂಡ್ಸ್

ಸ್ಪ್ರಿಂಗ್ ನನ್ನ ಹತ್ತಿರ ಇದೆ. ನಾನೇ ತರುತ್ತೇನೆ.